ತೆಳು ಪೈಪ್ ವೆಲ್ಡ್ ಮಾಡಿದ್ರೆ ತೂತು, ಫ್ರೇಮ್ ಸೊಟ್ಟ: ಮನೆ ಶೆಡ್‌ನಲ್ಲಿ ಕಬ್ಬಿಣದ ಕೆಲಸ ಮಾಡುವವರು ಸ್ವಲ್ಪ ಹೇಳಿ

ಹಿತ್ತಲ ಶೆಡ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಕೇಶ್ವಾಪುರದವನು. ಹೊಟ್ಟೆಪಾಡಿಗೆ ಮಾಡುವ ಕೆಲಸ ಬೇರೆ, ಭಾನುವಾರ ಬಂತು ಅಂದ್ರೆ ಕಬ್ಬಿಣ. ಮನೆ ಹಿಂದೆ ಒಂದು ತಗಡಿನ ಶೆಡ್ ಇದೆ. ಅದರಲ್ಲಿ 4 ಇಂಚಿನ ಗ್ರೈಂಡರ್, 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಮಷೀನ್, ಒಂದು ಕೈ ಡ್ರಿಲ್, ಹಳೇ ಹುಬ್ಬಳ್ಳಿ ಗುಜರಿಯಲ್ಲಿ ತೂಕಕ್ಕೆ ತಂದ ಗಟ್ಟಿ ಬೆಂಚ್ ವೈಸ್ ಇವೆ. ಕಲಿಸಿದವರು ಯಾರೂ ಇಲ್ಲ, ವಿಡಿಯೋ ನೋಡಿ ಕಲಿಯುತ್ತಿದ್ದೇನೆ.

ಈಗ ಕೈಯಲ್ಲಿರೋದು ಕುಂದಗೋಳದ ಹತ್ತಿರ ನಮ್ಮ ಹೊಲಕ್ಕೆ ಒಂದು ಸಣ್ಣ ಗೇಟು. 3 ಅಡಿ ಅಗಲ, 4 ಅಡಿ ಎತ್ತರ. 1 ಇಂಚಿನ ಸ್ಕ್ವೇರ್ ಪೈಪ್, 16 ಗೇಜ್. ಅಂಗಡಿಯಲ್ಲಿ 3.15 ಎಂಎಂ ವೆಲ್ಡಿಂಗ್ ರಾಡ್ ಕೊಟ್ಟರು, 6013 ಅನ್ನೋ ಜಾತಿ. ಮೂಲೆಗೆ ರಾಡ್ ಮುಟ್ಟಿಸಿದ್ದೇ ತಡ ಪೈಪ್ ಕರಗಿ ಉಗುರಿನಷ್ಟು ತೂತು. ಆಂಪ್ ಇಳಿಸಿದರೆ ರಾಡ್ ಅಂಟಿಕೊಂಡು ಬಿಡುತ್ತದೆ, ಕಿತ್ತರೂ ಬರಲ್ಲ. ಹೇಗೋ ನಾಲ್ಕು ಮೂಲೆ ಮುಗಿಸಿ ಕೆಳಗಿಟ್ಟರೆ ಮೂರು ಮೂಲೆ ನೆಲಕ್ಕೆ ಕೂತಿವೆ, ನಾಲ್ಕನೆಯದು ಮೇಲೆದ್ದಿದೆ. ಕೊಯ್ಯುವಾಗ ಅಳತೆ ಸರಿಯಾಗೇ ಇತ್ತು, ಮೂಲೆಮಟ್ಟ ಇಟ್ಟೇ ಜೋಡಿಸಿದ್ದೆ.

ಇನ್ನೊಂದು ತಲೆನೋವು ಚಿಲಕದ್ದು. 3 ಎಂಎಂ ದಪ್ಪದ ಸ್ಟೇನ್‌ಲೆಸ್ ಪಟ್ಟಿಗೆ 10 ಎಂಎಂ ತೂತು ಹಾಕಬೇಕು. ಬಿಟ್ ಒಂದು ಚೂರು ಒಳಗೆ ಹೋಗುತ್ತದೆ, ಆಮೇಲೆ ಕಿರ್ ಅಂತ ಸದ್ದು, ಹೊಗೆ, ಅಲ್ಲಿಗೆ ಮುಗೀತು. ಅದೇ ಬಿಟ್ ಸಾದಾ ಕಬ್ಬಿಣದಲ್ಲಿ ಚೆನ್ನಾಗೇ ಹೋಗುತ್ತಿತ್ತು.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಶೆಡ್ ಪಕ್ಕದಲ್ಲೇ ಅವ್ವ ಹಪ್ಪಳ, ಶಾವಿಗೆ ಒಣಗಿಸುತ್ತಾರೆ. ಹಾಗಾಗಿ ಕೆಲಸದ ಉಪಾಯ ಎಷ್ಟು ಬೇಕೋ ನೀವು ಕಣ್ಣಾರೆ ಕಂಡ ಅವಘಡಗಳೂ ಅಷ್ಟೇ ಬೇಕು. ಏನಾಯ್ತು, ಯಾಕಾಯ್ತು ಅಂತ ಬಿಡಿಸಿ ಹೇಳಿದರೆ ದೊಡ್ಡ ಉಪಕಾರ.

ಬೆಟಗೇರಿ ಫ್ಯಾಬ್ರಿಕೇಷನ್

ಅಣ್ಣಾ, ಪೈಪಿನ ತಪ್ಪಿಲ್ಲ, ಮಷೀನಿನ ತಪ್ಪೂ ಇಲ್ಲ. ರಾಡ್ ದಪ್ಪ ಆಯ್ತು. 16 ಗೇಜ್ ಅಂದ್ರೆ ಪೈಪಿನ ಗೋಡೆ 1.6 ಎಂಎಂ. ಅದಕ್ಕೆ ಅದರ ಎರಡು ಪಟ್ಟು ದಪ್ಪದ ರಾಡ್ ಹಿಡಿದಿದ್ದೀರಿ. 3.15 ರಾಡ್ ಸರಿಯಾಗಿ ಉರಿಯಬೇಕಾದರೆ 90ರಿಂದ 130 ಆಂಪ್ ಬೇಕು, ಅಷ್ಟು ಕೊಟ್ಟರೆ ಈ ಪೈಪ್ ತಡೆಯಲ್ಲ, ಕಡಿಮೆ ಕೊಟ್ಟರೆ ರಾಡ್ ಅಂಟುತ್ತದೆ. ನೀವು ಎಷ್ಟೇ ಅಭ್ಯಾಸ ಮಾಡಿದರೂ ಆ ರಾಡ್‌ನಲ್ಲಿ ಇದು ಬಗೆಹರಿಯಲ್ಲ.

2.5 ರಾಡ್ ತಗೊಂಡು 55ರಿಂದ 65 ಆಂಪ್‌ನಲ್ಲಿ ಶುರು ಮಾಡಿ. 2 ಎಂಎಂ ರಾಡ್ ಸಿಕ್ಕರೆ ಇನ್ನೂ ಒಳ್ಳೇದು, 45ರ ಆಸುಪಾಸು ಸಾಕು. ಮಷೀನ್ ಡಿಸಿ ಇರುತ್ತದೆ ಅಲ್ವಾ, ರಾಡ್ ಹಿಡಿಯುವ ಹೋಲ್ಡರ್ ವೈರ್ ಮೈನಸ್‌ಗೆ, ಅರ್ಥ್ ಕ್ಲಾಂಪ್ ಪ್ಲಸ್‌ಗೆ ಹಾಕಿ. 6013 ಎರಡೂ ಕಡೆ ಉರಿಯುವ ರಾಡ್. ಹೋಲ್ಡರ್ ಮೈನಸ್‌ನಲ್ಲಿದ್ದರೆ ಬೆಸುಗೆ ಆಳಕ್ಕೆ ಕಡಿಮೆ ಇಳಿಯುತ್ತದೆ, ತೆಳು ಪೈಪಿಗೆ ನಮಗೆ ಬೇಕಾಗಿರೋದು ಅದೇ.

ಇನ್ನು ಕೈಯ ಕೆಲಸ. ತೂತು ಬೀಳೋದು ಹೆಚ್ಚಾಗಿ ಎರಡು ಪೈಪ್ ನಡುವೆ ಸಂದಿ ಇದ್ದ ಕಡೆ. ಸಂದಿಯ ಅಂಚು ಬಲು ತೆಳು, ಬಿಸಿ ಹರಿದು ಹೋಗೋಕೆ ಆಚೆ ಕಬ್ಬಿಣವೇ ಇಲ್ಲ, ಅದು ಮೊದಲು ಕರಗಿ ಹಿಂದೆ ಸರಿಯುತ್ತದೆ. ಹಾಗಾಗಿ ಕೊಯ್ದ ಬಾಯಿಯನ್ನು ಗ್ರೈಂಡರ್‌ನಲ್ಲಿ ಹದ ಮಾಡಿ, ಬೆಳಕಿಗೆ ಹಿಡಿದರೆ ಗೆರೆ ಕಾಣದ ಹಾಗೆ ಕೂರಿಸಿ. ನಮ್ಮಲ್ಲಿ ಕಲಿಯೋಕೆ ಬರುವ ಹುಡುಗರಿಗೆ ಮೊದಲ ದಿನಗಳಲ್ಲಿ ಹೋಲ್ಡರ್ ಕೈಗೆ ಕೊಡಲ್ಲ, ಬರೀ ಬಾಯಿ ಕೂರಿಸೋ ಕೆಲಸ. ಬಾಯಿ ಸರಿ ಕೂತರೆ ಅರ್ಧ ವೆಲ್ಡಿಂಗ್ ಆದಂತೆಯೇ ಲೆಕ್ಕ.

ಆಮೇಲೆ ಒಂದೇ ಸಮ ಎಳೆಯಬೇಡಿ. ರಾಡ್ ಮುಟ್ಟಿಸಿ, ಒಂದು ಹನಿ ಬೀಳಿಸಿ, ಎತ್ತಿ. ಹೆಲ್ಮೆಟ್ ಗಾಜಿನೊಳಗಿಂದ ನೋಡಿ: ಬಿಳಿ ಇದ್ದದ್ದು ಕೇಸರಿ ಆಗಿ ಮಬ್ಬು ಕೆಂಪಿಗೆ ಬರುತ್ತದೆ. ಆ ಮಬ್ಬು ಕೆಂಪು ಪೂರ್ತಿ ಆರುವ ಮೊದಲೇ ಹಿಂದಿನ ಹನಿಯ ಅಂಚಿನ ಮೇಲೆ ಮುಂದಿನ ಹನಿ ಇಡಿ. ತೀರಾ ಆರಿದರೆ ಸ್ಲ್ಯಾಗ್ (ಬೆಸುಗೆ ಮೇಲೆ ಕೂರುವ ಕಿಟ್ಟ) ಒಳಗೆ ಸಿಕ್ಕಿಕೊಳ್ಳುತ್ತದೆ, ಸುತ್ತಿಗೆಯಿಂದ ಕುಟ್ಟಿ ತೆಗೆದೇ ಮುಂದಕ್ಕೆ ಹೋಗಬೇಕು. ನಿಂತ ಮೂಲೆಗಳಲ್ಲಿ ಮೇಲಿನಿಂದ ಕೆಳಕ್ಕೆ ಎಳೆಯಿರಿ, ಬೇಗ ಇಳಿದು ಬಿಡುತ್ತದೆ, ಪೈಪ್ ಕಾಯಲ್ಲ. ಈ ಹನಿ ಪದ್ಧತಿ ಗೇಟು, ಸ್ಟ್ಯಾಂಡ್, ಹೂಕುಂಡದ ಚೌಕಟ್ಟಿಗೆ ಸಾಕು. ಟ್ರಾಲಿ ಕೊಂಡಿ, ಮನುಷ್ಯರು ಹತ್ತುವ ಏಣಿ, ನೀರಿನ ಟ್ಯಾಂಕ್ ಸ್ಟ್ಯಾಂಡ್ ಇಂಥದ್ದಕ್ಕೆ ಬೇಡವೇ ಬೇಡ.

ಸೊಟ್ಟ ಆಗಿದ್ದು ಯಾಕೆ ಅಂದ್ರೆ, ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ತನ್ನ ಕಡೆಗೆ ಪೈಪನ್ನು ಎಳೆಯುತ್ತದೆ. ನೀವು ಒಂದು ಮೂಲೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿರುತ್ತೀರಿ. ಹಾಗೆ ಮಾಡಬೇಡಿ. ಮೊದಲು ನಾಲ್ಕೂ ಮೂಲೆಗೆ ಸಣ್ಣ ಟ್ಯಾಕ್ (ಹಿಡಿದಿಡೋಕೆ ಮಾತ್ರ ಚುಕ್ಕೆ ಬೆಸುಗೆ), ಮೇಲೆ ಒಂದು, ತಿರುಗಿಸಿ ಕೆಳಗೆ ಒಂದು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ನಿಮ್ಮ ಗೇಟು 3 ಅಡಿಗೆ 4 ಅಡಿ, ಹೊರ ಅಂಚಿನಿಂದ ಹೊರ ಅಂಚಿಗೆ ಎರಡೂ ಕರ್ಣ ಸರಿಯಾಗಿ 5 ಅಡಿ ಬರಬೇಕು. ಮೂಲೆಮಟ್ಟ ಸಣ್ಣದು, ಅದರಲ್ಲಿ ಕಾಣದ ವ್ಯತ್ಯಾಸ ಟೇಪಿನಲ್ಲಿ ಕಾಣುತ್ತದೆ. ಒಂದು ಕರ್ಣ ಉದ್ದ ಬಂದರೆ ಆ ಮೂಲೆ ನೆಲಕ್ಕೆ ಕುಟ್ಟಿ ಸರಿ ಮಾಡಿ, ಟ್ಯಾಕ್ ಮಾತ್ರ ಇದ್ದಾಗ ಬಗ್ಗುತ್ತದೆ. ಅದಾದ ಮೇಲೆ ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಬದಲಿಸುತ್ತಾ ಹೋಗಿ. ಕ್ಲಾಂಪ್ ಬಿಗಿದೇ ಇರಲಿ, ಕೈಯಿಂದ ಮುಟ್ಟುವಷ್ಟು ಆರಿದ ಮೇಲೆ ಬಿಚ್ಚಿ.

ಈಗ ಸೊಟ್ಟ ಆಗಿರುವ ಫ್ರೇಮ್ ಬಿಸಾಡಬೇಡಿ. ಮೇಲೆದ್ದ ಮೂಲೆಯ ಬೆಸುಗೆ 1 ಎಂಎಂ ವ್ಹೀಲ್‌ನಲ್ಲಿ ಸೀಳಿ, ಸಮತಟ್ಟಾದ ಟೇಬಲ್ ಮೇಲೆ ಕ್ಲಾಂಪ್ ಮಾಡಿ ಮತ್ತೆ ಟ್ಯಾಕ್ ಹಾಕಿ.

ಮಳೆಗಾಲದಲ್ಲಿ ರಾಡ್ ಪಾಕೀಟು ತೆರೆದಿಡಬೇಡಿ. ಧಾರವಾಡದ ಕಡೆ ಜುಲೈನ ಜಿಟಿಜಿಟಿ ಮಳೆಗೆ ರಾಡ್ ತೇವ ಹೀರಿ ಪಟಪಟ ಸಿಡಿಯುತ್ತದೆ, ಬೆಸುಗೆಯಲ್ಲಿ ಸಣ್ಣ ಸಣ್ಣ ತೂತು ಬರುತ್ತದೆ. 6013 ಆದರೆ 100-110 ಡಿಗ್ರಿಯಲ್ಲಿ ಒಂದು ತಾಸು ಒಣಗಿಸಿದರೆ ಸಾಕು.

ರೈಲ್ವೆ ಫಿಟ್ಟರ್ ಕಾಕಾ

ತಮ್ಮಾ, ವೆಲ್ಡಿಂಗ್ ಬಗ್ಗೆ ಬೆಟಗೇರಿಯವರು ಹೇಳಿದ್ದಕ್ಕೆ ನಾನು ಸೇರಿಸೋದು ಏನೂ ಇಲ್ಲ. ನಾನು ಗ್ರೈಂಡರ್ ಮತ್ತೆ ಡ್ರಿಲ್ ಬಗ್ಗೆ ಹೇಳುತ್ತೇನೆ. ಗದಗ ರೋಡಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತಿ ಆದವನು. ಮನೆ ಕೆಲಸದಲ್ಲಿ ಕೈ ಕಳಕೊಂಡವರನ್ನು ನೋಡಿದಷ್ಟು ದೊಡ್ಡ ಮಷೀನಿನಲ್ಲಿ ಕಳಕೊಂಡವರನ್ನು ನಾನು ನೋಡಿಲ್ಲ, ಯಾಕಂದ್ರೆ ಅಲ್ಲಿ ಗಾರ್ಡ್ ಬಿಚ್ಚಿದರೆ ಕೇಳುವವರು ಇರುತ್ತಾರೆ.

ನಮ್ಮ ಪಕ್ಕದ ಓಣಿಯಲ್ಲಿ ಒಬ್ಬ ಹುಡುಗ. 4 ಇಂಚಿನ ಗ್ರೈಂಡರ್, ದಪ್ಪ ಆ್ಯಂಗಲ್ ಕೊಯ್ಯಬೇಕಿತ್ತು. ಸಣ್ಣ ವ್ಹೀಲ್ ಆಚೆ ತನಕ ಮುಟ್ಟಲ್ಲ ಅಂತ ಗಾರ್ಡ್ ಬಿಚ್ಚಿ 7 ಇಂಚಿನ ವ್ಹೀಲ್ ಹಾಕಿದ. 7 ಇಂಚಿನ ವ್ಹೀಲ್‌ನ ನಡುವಿನ ತೂತು 22 ಎಂಎಂ, ಅವನ ಮಷೀನಿನದು 16. ಮಧ್ಯೆ ವಾಷರ್ ತುಂಬಿಸಿ ಹೊಂದಿಸಿದ್ದ. ಈಗ ಲೆಕ್ಕ ನೋಡಿ. ವ್ಹೀಲ್ ಮೇಲೆ ಸೆಕೆಂಡಿಗೆ 80 ಮೀಟರ್ ಅಂತ ಬರೆದಿರುತ್ತದೆ, ಅದು ಅಂಚಿನ ವೇಗದ ಮಿತಿ. 4 ಇಂಚಿನದಕ್ಕೆ ಅದು ನಿಮಿಷಕ್ಕೆ 15,000 ಸುತ್ತಿನ ಆಸುಪಾಸು ಆಗುತ್ತದೆ, 7 ಇಂಚಿನದಕ್ಕೆ 8,500 ಮಾತ್ರ. ಸಣ್ಣ ಗ್ರೈಂಡರ್ ತಿರುಗೋದು 11,000. ವ್ಹೀಲ್ ಒಡೆಯದೆ ಇನ್ನೇನು ಮಾಡೀತು? ಚೂರು ತೊಡೆ ಸೀಳಿಕೊಂಡು ಹೋಯ್ತು. ಜೀವ ಉಳೀತು, ನಡಿಗೆ ಇನ್ನೂ ಸರಿಯಾಗಿಲ್ಲ. ಗಾರ್ಡ್ ಬಿಚ್ಚಿದ್ದರಿಂದಲೇ ಆ ವ್ಹೀಲ್ ಅಲ್ಲಿ ಕೂರೋಕೆ ಸಾಧ್ಯ ಆಯ್ತು ಅನ್ನೋದನ್ನು ಗಮನಿಸಿ.

ಅದೇ ಮಷೀನಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಕೂಡ ಅಂಗಡಿಯಲ್ಲಿ ಕೊಡುತ್ತಾರೆ. ತರಬೇಡಿ. ಹಲ್ಲು ಮರದಲ್ಲಿ ಕಚ್ಚಿದರೆ ಮಷೀನ್ ಕೈಯಿಂದ ಹಾರಿ ಮುಖದ ಕಡೆ ಬರುತ್ತದೆ. ತೆಳು ಕಟಿಂಗ್ ವ್ಹೀಲ್‌ನ ಪಕ್ಕದಿಂದ ತಿಕ್ಕಬೇಡಿ, ತಿಕ್ಕೋಕೆ ದಪ್ಪದ್ದೇ ಬೇರೆ ಇದೆ. ವ್ಹೀಲ್ ನಡುವಿನ ತಗಡಿನ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಮುಗಿಯುವ ದಿನ. ದಾಟಿದ್ದರೆ ಅಗ್ಗಕ್ಕೆ ಕೊಟ್ಟರೂ ಬೇಡ, ಒಳಗಿನ ಅಂಟು ಹಳತಾಗಿರುತ್ತದೆ. ಹೊಸ ವ್ಹೀಲ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಸುಮ್ನೆ ತಿರುಗಿಸಿ ನೋಡಿ, ಆಮೇಲೆ ಕಬ್ಬಿಣಕ್ಕೆ ಮುಟ್ಟಿಸಿ.

ಸ್ಟೇನ್‌ಲೆಸ್ ವಿಷಯ. ಅದಕ್ಕೆ ಒಂದು ಗುಣ ಇದೆ, ಬಿಟ್ ಕೊಯ್ಯದೆ ಬರೀ ಉಜ್ಜಿದರೆ ಆ ಜಾಗ ಮೊದಲಿಗಿಂತ ಗಟ್ಟಿ ಆಗುತ್ತದೆ. ನೀವು ಟ್ರಿಗರ್ ಪೂರ್ತಿ ಒತ್ತಿ, ಮೇಲಿನ ಭಾರ ಕಡಿಮೆ ಕೊಟ್ಟಿರುತ್ತೀರಿ. ಅದನ್ನು ತಿರುಗುಮುರುಗು ಮಾಡಿ: ವೇಗ ಕಡಿಮೆ, ಭಾರ ಜಾಸ್ತಿ. 10 ಎಂಎಂ ಬಿಟ್ಟಿಗೆ ಸಾದಾ ಕಬ್ಬಿಣದಲ್ಲಿ 800 ಸುತ್ತು ನಡೆಯುತ್ತದೆ, ಸ್ಟೇನ್‌ಲೆಸ್‌ನಲ್ಲಿ 300-400ಕ್ಕೆ ಮೇಲೆ ಹೋಗಬೇಡಿ. ಕೈ ಡ್ರಿಲ್ ಪೂರ್ತಿ ಒತ್ತಿದರೆ 2,500 ದಾಟುತ್ತದೆ. ಮೊದಲು ಸೆಂಟರ್ ಪಂಚ್‌ನಿಂದ (ಚೂಪು ಉಳಿ) ಗುರುತಿನ ಗುಳಿ, ಆಮೇಲೆ 4 ಎಂಎಂ ತೂತು, ಆಮೇಲೆ 10. ಎಣ್ಣೆ ಬಿಡುತ್ತಲೇ ಇರಿ. ಕೋಬಾಲ್ಟ್ ಬಿಟ್ ಸಿಕ್ಕರೆ ಒಳ್ಳೇದು. ಈಗಾಗಲೇ ಗಟ್ಟಿಯಾದ ಜಾಗಕ್ಕೆ ಹಳೇ ಬಿಟ್ ಮತ್ತೆ ಒತ್ತಬೇಡಿ. ಪಟ್ಟಿ ತಿರುಗಿಸಿ ಹಿಂದಿನಿಂದ ಶುರು ಮಾಡಿ, ಆ ಕಡೆ ಇನ್ನೂ ಮೆತ್ತಗಿರುತ್ತದೆ.

ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ಅಂತ ಕಣ್ಣಿಗೇ ಕಾಣುತ್ತದೆ. ಬಿಟ್‌ನ ಎರಡೂ ತೋಡಿನಿಂದ ಉದ್ದ ಸುರುಳಿ ಎದ್ದು ಬರುತ್ತಿದ್ದರೆ ಕೊಯ್ಯುತ್ತಿದೆ. ಒಂದೇ ಕಡೆಯಿಂದ ಬಂದರೆ ಬಿಟ್ ಸಾಣೆ ಓರೆಯಾಗಿದೆ, ತೂತು ಬಿಟ್ಟಿಗಿಂತ ದೊಡ್ಡದಾಗುತ್ತದೆ. ಬರೀ ಪುಡಿ ಬಂದರೆ ಉಜ್ಜುತ್ತಿದೆ, ತಕ್ಷಣ ನಿಲ್ಲಿಸಿ.

ಪಟ್ಟಿಯನ್ನು ಕೈಯಲ್ಲಿ ಹಿಡಿಯಬೇಡಿ. ಬಿಟ್ ಆಚೆ ಬಾಯಿ ಬಿಡುವ ಹೊತ್ತಿಗೆ ಕಚ್ಚಿಕೊಂಡು ಪಟ್ಟಿ ಗರಗರ ತಿರುಗುತ್ತದೆ, ಮಣಿಕಟ್ಟಿನ ನರ ಕೊಯ್ಯೋಕೆ ಒಂದು ಸುತ್ತು ಸಾಕು. ಕೆಳಗೆ ಮರದ ತುಂಡು ಇಟ್ಟು ವೈಸ್‌ನಲ್ಲಿ ಬಿಗಿಯಿರಿ. ಇನ್ನೊಂದು, ವೆಲ್ಡಿಂಗಿಗೆ ಕೈಗವಸು ಬೇಕೇ ಬೇಕು, ಆದರೆ ಸ್ಟ್ಯಾಂಡ್ ಡ್ರಿಲ್‌ಗೂ ಲೇತಿಗೂ ಕೈಗವಸು ಹಾಕಲೇಬಾರದು. ಬಟ್ಟೆಯ ಒಂದು ಎಳೆ ಸಿಕ್ಕರೆ ಮಷೀನ್ ಬೆರಳನ್ನೂ ಸೇರಿಸಿ ಎಳೆದುಕೊಳ್ಳುತ್ತದೆ.

ಬ್ಯಾಡಗಿ ಹೊಲ

ನಾನು ಕಸುಬಿನವನಲ್ಲ, ರೈತ. ಕುಂಟೆ, ಕೂರಿಗೆ, ಟ್ರ್ಯಾಕ್ಟರ್ ಸಾಮಾನು ಹೊಲದ ಮನೆಯಲ್ಲೇ ರಿಪೇರಿ ಮಾಡಿಕೊಳ್ಳುತ್ತೇನೆ. ಅವಘಡ ಕೇಳಿದಿರಿ, ಹಾಗಾಗಿ ಎರಡು ಹೇಳುತ್ತೇನೆ.

ಮೊದಲನೆಯದು ನಮ್ಮ ಭಾವನದು. ಬೋರ್‌ವೆಲ್‌ನ ಹಳೇ ಜಿಐ ಪೈಪ್ ಕೊಯ್ದು ಮೆಣಸಿನಕಾಯಿ ಕಣಕ್ಕೆ ನೆರಳಿನ ಚೌಕಟ್ಟು ಮಾಡುತ್ತಿದ್ದರು. ಹೊರಗೆ ಮಳೆ, ಶೆಡ್ ಬಾಗಿಲು ಹಾಕಿಕೊಂಡು ಇಡೀ ಮಧ್ಯಾಹ್ನ ವೆಲ್ಡಿಂಗ್. ಸಂಜೆ ಬಾಯಲ್ಲಿ ಒಂಥರಾ ಸಿಹಿ ರುಚಿ ಅಂದರು, ರಾತ್ರಿ ಗಡಗಡ ಚಳಿ, ಜ್ವರ, ಎದೆ ಬಿಗಿತ. ಮಲೇರಿಯಾ ಇರಬೇಕು ಅಂತ ಮನೆಯವರೆಲ್ಲ ಹೆದರಿದರು. ಡಾಕ್ಟರು ಏನು ಕೆಲಸ ಮಾಡಿದಿರಿ ಅಂತ ಕೇಳಿದ ಮೇಲೇ ಗೊತ್ತಾಗಿದ್ದು, ಅದು ಸತುವಿನ ಹೊಗೆಯ ಜ್ವರ. ಜಿಐ ಪೈಪ್ ಮೇಲಿನ ಲೇಪ ಸತು. ಕಬ್ಬಿಣ ಕರಗೋಕೆ 1500 ಡಿಗ್ರಿಯಷ್ಟು ಬೇಕು, ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅಂದ್ರೆ ಜಿಐ ವೆಲ್ಡ್ ಮಾಡುವಾಗ ಆ ಬಿಳಿ ಹೊಗೆ ಬಂದೇ ಬರುತ್ತದೆ. ಮರುದಿನ ಭಾವ ಎದ್ದು ಓಡಾಡಿದರು, ಆದರೆ ಆ ರಾತ್ರಿ ನೋಡೋಕೆ ಆಗುತ್ತಿರಲಿಲ್ಲ.

ಹಾಲು ಕುಡಿದರೆ, ಬೆಲ್ಲ ತಿಂದರೆ ಏನೂ ಆಗಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹೊಗೆ ಹೋಗೋದು ಪುಪ್ಪುಸಕ್ಕೆ, ಹಾಲು ಹೋಗೋದು ಹೊಟ್ಟೆಗೆ. ಅದರಿಂದ ಪ್ರಯೋಜನ ಇಲ್ಲ. ಬೆಸುಗೆ ಬೀಳುವ ಜಾಗದ ಎರಡೂ ಕಡೆ ಒಂದೆರಡು ಇಂಚು ಲೇಪ ತಿಕ್ಕಿ ತೆಗೆಯಿರಿ, ತಿಕ್ಕುವಾಗಲೂ ಮುಖಕ್ಕೆ ಒಳ್ಳೆ ಮಾಸ್ಕ್ ಇರಲಿ. ಬಯಲಲ್ಲಿ ಮಾಡಿ, ಗಾಳಿಗೆ ಪಕ್ಕೆ ಕೊಟ್ಟು ನಿಲ್ಲಿ, ಹೊಗೆ ಮುಖದ ಮುಂದೆ ಹಾದು ಹೋಗಬಾರದು. ನಿಮ್ಮದು ಸತು ಲೇಪ ಇಲ್ಲದ ಕರಿ ಪೈಪ್ ಇದ್ದರೆ ಈ ತೊಂದರೆ ಇಲ್ಲ, ಆದರೂ ಅವ್ವ ಹಪ್ಪಳ ಒಣಗಿಸುವ ದಿನ ಶೆಡ್‌ನಲ್ಲಿ ಗ್ರೈಂಡರ್ ಬೇಡ. ಕಬ್ಬಿಣದ ಪುಡಿ ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆ ಅಂತ ನೋಡಬೇಕಾದರೆ ಒಂದು ಅಯಸ್ಕಾಂತ ತಗೊಂಡು ಅಂಗಳದಲ್ಲಿ ಎಳೆಯಿರಿ.

ಎರಡನೆಯದು ಬೆಂಕಿ. ಊರಲ್ಲಿ ಒಬ್ಬರು ಬಾಗಿಲ ಮುಂದೆ ಕೂತು ಗ್ರೈಂಡರ್ ಹಿಡಿದಿದ್ದರು. ಬಾಗಿಲ ಕೆಳಗಿನ ಸಂದಿಯಿಂದ ಕಿಡಿ ಒಳಗೆ ಹೋಗಿದೆ, ಒಳಗೆ ಹತ್ತಿ ಬಿಡಿಸಿ ತುಂಬಿದ ಚೀಲಗಳು. ಆಗ ಏನೂ ಆಗಲಿಲ್ಲ. ಹತ್ತಿ ಉರಿಯೋದಕ್ಕಿಂತ ಮೊದಲು ಒಳಗೊಳಗೇ ಕನಲುತ್ತದೆ. ಅವರು ಕೆಲಸ ಮುಗಿಸಿ ಊಟಕ್ಕೆ ಹೋಗಿದ್ದಾರೆ, ಬರೋವಷ್ಟರಲ್ಲಿ ಹೊಗೆ ಮಾಡಿನಿಂದ ಏಳುತ್ತಿತ್ತು. ಆ ವರ್ಷದ ಬೆಳೆ ಹೋಯ್ತು. ಗೋಣಿಚೀಲ, ಮೇವು, ಥಿನ್ನರ್ ಡಬ್ಬಿ, ಎಣ್ಣೆ ಬಟ್ಟೆ ಇವೆಲ್ಲ ಶೆಡ್‌ನಿಂದ ಆಚೆ ಇರಲಿ. ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಕೆಲಸ ಮುಗಿದ ಮೇಲೂ ಅರ್ಧ ತಾಸು ಅಲ್ಲೇ ಇರಿ, ಸಾಮಾನು ಜೋಡಿಸಿಡಿ, ಗುಡಿಸಿ, ಏನಾದರೂ ಮಾಡಿ, ಆದರೆ ಬಿಟ್ಟು ಹೋಗಬೇಡಿ.

ಫಿಟ್ಟರ್ ಕಾಕಾ ಅವರಿಗೆ ನನ್ನದೂ ಒಂದು ಪ್ರಶ್ನೆ. ಲಾರಿ ಪಾಟಾ (ಸ್ಪ್ರಿಂಗ್ ಪಟ್ಟಿ) ಕೊಯ್ದು ಎಡೆಕುಂಟೆಗೆ ಕುಡ (ಮಣ್ಣಿಗಿಳಿಯುವ ಅಲಗು) ಮಾಡಿಸುತ್ತೇನೆ. ಕೆಲವು ಸಲ ಎರಿ ಹೊಲದಲ್ಲಿ ಕಲ್ಲಿಗೆ ತಾಗಿದರೆ ಗಾಜಿನ ಹಾಗೆ ಮುರಿಯುತ್ತದೆ. ಹದ ಹಾಕೋದು ಎಲ್ಲಿ ತಪ್ಪುತ್ತಿದೆ?

ಹಿತ್ತಲ ಶೆಡ್, ಹುಬ್ಬಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಹೇಳುತ್ತೀರಿ ಅಂತ ಅಂದುಕೊಂಡಿರಲಿಲ್ಲ. 2.5 ರಾಡ್ ತಂದು ಹೋಲ್ಡರ್ ಮೈನಸ್‌ಗೆ ಹಾಕಿ ತುಂಡು ಪೈಪಿನ ಮೇಲೆ ಹನಿ ಹನಿ ಇಟ್ಟು ನೋಡಿದೆ, 60 ಆಂಪ್‌ನಲ್ಲಿ ತೂತಿಲ್ಲ. ಫ್ರೇಮ್‌ನ ಕರ್ಣ ಅಳೆದರೆ ಒಂದು 5 ಅಡಿಗೆ ಕಾಲು ಇಂಚು ಕಡಿಮೆ, ಇನ್ನೊಂದು ಕಾಲು ಇಂಚು ಜಾಸ್ತಿ. ಮೂಲೆಮಟ್ಟದಲ್ಲಿ ಇದು ಕಾಣಲೇ ಇಲ್ಲ.

ಇನ್ನು ಮೂರು ವಿಷಯ. ಗುಜರಿಯಲ್ಲಿ ಹಳೇ ಡೀಸೆಲ್ ಬ್ಯಾರಲ್ ಇದೆ. ಅರ್ಧಕ್ಕೆ ಕೊಯ್ದು ಒಲೆ ಮಾಡೋಣ ಅಂತ ಇದೆ, ಸೋಪಿನ ನೀರಲ್ಲಿ ತೊಳೆದರೆ ಸಾಕಾ? ಎರಡನೆಯದು, ಗೆಳೆಯನ ಬೈಕಿನ ಎಂಜಿನ್ ಕವರ್, ಅಲ್ಯುಮಿನಿಯಂ. ಅದರ ತೂತಿನಲ್ಲಿ ಎಂ6 ಟ್ಯಾಪ್ (6 ಎಂಎಂ ಬೋಲ್ಟಿಗೆ ಥ್ರೆಡ್ ಕೊಯ್ಯುವ ಉಕ್ಕಿನ ಕಡ್ಡಿ) ಮುರಿದು ಕೂತಿದೆ, ಮೇಲೆ ಹಿಡಿಯೋಕೆ ಏನೂ ಇಲ್ಲ. ಮೂರನೆಯದು, ಮಕ್ಕಳು ವೆಲ್ಡಿಂಗ್ ಬೆಳಕು ನೋಡೋಕೆ ಓಡಿ ಬರುತ್ತಾರೆ, ದೂರದಿಂದ ನೋಡಿದರೆ ಪರವಾಗಿಲ್ವಾ?

ಧಾರವಾಡ ವರ್ಕ್‌ಶಾಪ್ ಮೇಡಂ

ನಾನು ಡಿಪ್ಲೊಮಾ ಹುಡುಗರಿಗೆ ವರ್ಕ್‌ಶಾಪ್ ಹೇಳಿಕೊಡುತ್ತೇನೆ. ಬ್ಯಾರಲ್ ಪ್ರಶ್ನೆ ನೋಡಿ ತಕ್ಷಣ ಬರೆಯುತ್ತಿದ್ದೇನೆ.

ಬ್ಯಾರಲ್ ಬೇಡ. ತೊಳೆದರೂ ಬೇಡ. ತಳದ ಮಡಿಕೆಯಲ್ಲಿ, ಪಕ್ಕದ ಹೊಲಿಗೆಯಲ್ಲಿ ಎಣ್ಣೆ ಉಳಿದಿರುತ್ತದೆ, ಸೋಪಿನ ನೀರು ಅಲ್ಲಿಗೆ ಹೋಗಲ್ಲ. ಮೂಗಿಗೆ ವಾಸನೆ ಬರದಿದ್ದರೂ ಗ್ರೈಂಡರ್ ಬಿಸಿಗೆ ಆ ಎಣ್ಣೆ ಆವಿಯಾಗಿ ಒಳಗಿನ ಗಾಳಿಯ ಜೊತೆ ಸೇರುತ್ತದೆ, ಕಿಡಿ ಹೇಗೂ ಅಲ್ಲೇ ಇದೆ. ಡೀಸೆಲ್ ಸುಲಭಕ್ಕೆ ಹೊತ್ತಿಕೊಳ್ಳಲ್ಲ ಅನ್ನೋದು ತಣ್ಣಗಿರುವ ಡೀಸೆಲ್ ಮಾತು. ತುಂಬಿದ ಬ್ಯಾರಲ್‌ಗಿಂತ ಖಾಲಿ ಬ್ಯಾರಲ್ ಅಪಾಯ, ಯಾಕಂದ್ರೆ ಖಾಲಿಯಲ್ಲಿ ಗಾಳಿಗೂ ಆವಿಗೂ ಜಾಗ ಇದೆ. ಮುಚ್ಚಳ ಹಾರಿ ತಲೆಗೆ ಬಡಿದು ಸತ್ತವರಿದ್ದಾರೆ. ಒಲೆಗೆ 2 ಎಂಎಂ ಶೀಟ್ ತಗೊಳ್ಳಿ. ಲೆಕ್ಕಕ್ಕೆ ಬೇಕಾದರೆ, 1 ಎಂಎಂ ದಪ್ಪದ ಕಬ್ಬಿಣದ ಶೀಟ್ ಒಂದು ಚದರ ಮೀಟರ್‌ಗೆ 7.85 ಕೆಜಿ, 2 ಎಂಎಂ ಆದರೆ ಅದರ ಎರಡರಷ್ಟು. ಗೋಕುಲ ರೋಡ್, ತಾರಿಹಾಳದ ಕಡೆ ಶೀಟ್ ಕೊಯ್ಯುವ ಘಟಕಗಳಲ್ಲಿ ಉಳಿದ ತುಂಡು ಕೊಡುತ್ತಾರಾ ಅಂತ ಕೇಳಿ ನೋಡಿ.

ಮುರಿದ ಟ್ಯಾಪ್‌ಗೆ ಒಳ್ಳೇ ಉಪಾಯ ಇದೆ, ಗಡಿಯಾರ ರಿಪೇರಿಯವರು ಹಿತ್ತಾಳೆಯಲ್ಲಿ ಮುರಿದ ಸ್ಕ್ರೂ ತೆಗೆಯೋಕೆ ಇದನ್ನೇ ಮಾಡುತ್ತಿದ್ದರು. ಸ್ಫಟಿಕ, ಕ್ಷೌರದ ಅಂಗಡಿಯಲ್ಲಿ ಗದ್ದಕ್ಕೆ ಉಜ್ಜುತ್ತಾರಲ್ಲ, ಅದು. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಕುಟ್ಟಿ ಪುಡಿ ಮಾಡಿ, ಬಿಸಿ ನೀರಿನಲ್ಲಿ ಇನ್ನು ಕರಗಲ್ಲ ಅನ್ನುವ ತನಕ ಹಾಕಿ. ಕಬ್ಬಿಣದ ಪಾತ್ರೆ ಬೇಡ, ಬಿಸಿ ತಡೆಯುವ ಗಾಜಿನದು ಒಳ್ಳೇದು. ಕವರ್ ಅದರಲ್ಲಿ ಮುಳುಗಿಸಿ, ತೂತಿನ ಬಾಯಿ ಮೇಲಕ್ಕಿರಲಿ, ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿಯಲ್ಲಿ ಇಡಿ. ಸ್ವಲ್ಪ ಹೊತ್ತಿಗೆ ಟ್ಯಾಪ್ ಇರುವ ತೂತಿನಿಂದ ಮಾತ್ರ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ, ಅಲ್ಯುಮಿನಿಯಂ ಸುಮ್ಮನಿರುತ್ತದೆ. ಗುಳ್ಳೆ ನಿಂತರೆ ಕವರ್ ತೆಗೆದು ಸೂಜಿಯಿಂದ ಕೆದಕಿ, ಕಪ್ಪು ಮಡ್ಡಿ ಬರುತ್ತದೆ, ತೊಳೆದು ಮತ್ತೆ ಇಡಿ. ಎಂ6 ಟ್ಯಾಪ್ ಆದರೆ ಹಲವು ತಾಸು ಹಿಡಿಯುತ್ತದೆ, ಕೆಲವು ಸಲ ಮರುದಿನಕ್ಕೂ ಹೋಗುತ್ತದೆ. ನೀರು ಇಂಗಿದಷ್ಟು ಸೇರಿಸುತ್ತಿರಿ. ಅಡುಗೆಮನೆಯಲ್ಲಿ ಮಾಡಬೇಡಿ, ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಮುಖ್ಯವಾಗಿ ಕವರ್‌ನಲ್ಲಿ ಬೇರಿಂಗ್, ಸ್ಟೀಲ್ ಬುಷ್, ಪಿನ್ ಇದ್ದರೆ ಮೊದಲು ತೆಗೆಯಿರಿ, ಅವೂ ಕರಗುತ್ತವೆ. ಕಬ್ಬಿಣದ ವಸ್ತುವಿನಲ್ಲಿ ಟ್ಯಾಪ್ ಮುರಿದಿದ್ದರೆ ಈ ಉಪಾಯ ನಡೆಯಲ್ಲ.

ಮುಂದೆ ಮುರಿಯದೇ ಇರೋಕೆ ತೂತಿನ ಅಳತೆ ನೋಡಿಕೊಳ್ಳಿ. ಎಂ6ಗೆ 5 ಎಂಎಂ, ಎಂ8ಕ್ಕೆ 6.8, ಎಂ10ಕ್ಕೆ 8.5. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚಟ್ ಅಂತ ಸುರುಳಿ ತುಂಡಾಗಿದ್ದು ಕೈಗೆ ಗೊತ್ತಾಗುತ್ತದೆ.

ಮಕ್ಕಳ ಕಣ್ಣಿನ ವಿಷಯ. ದೂರದಿಂದಲೂ ನೋಡಬಾರದು, ಗೋಡೆಗೆ ಬಡಿದು ವಾಪಸ್ ಬರುವ ಬೆಳಕೂ ಒಳ್ಳೇದಲ್ಲ. ಇದರ ಕಷ್ಟ ಏನಂದ್ರೆ ಆಗ ನೋವಾಗಲ್ಲ. ಆರೆಂಟು ತಾಸಾದ ಮೇಲೆ, ಹೆಚ್ಚಾಗಿ ನಿದ್ದೆಯಿಂದ ಎಬ್ಬಿಸಿ, ಕಣ್ಣಲ್ಲಿ ಮರಳು ತುಂಬಿದಂಥ ಉರಿ, ನೀರು, ಬೆಳಕು ನೋಡೋಕೆ ಆಗಲ್ಲ. ಮಗು ಮಧ್ಯಾಹ್ನ ವೆಲ್ಡಿಂಗ್ ನೋಡಿದ್ದು ಯಾರಿಗೂ ನೆನಪಿರಲ್ಲ. ಬಟಾಟಿ ಹೋಳು, ಎದೆಹಾಲು, ಗುಲಾಬಿ ನೀರು ಏನೂ ಹಾಕಬೇಡಿ. ತಣ್ಣನೆ ಒದ್ದೆ ಬಟ್ಟೆ ಮುಚ್ಚಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಶೆಡ್ ಬಾಯಿಗೆ ದಪ್ಪ ತಾಡಪತ್ರಿ ಇಳಿಬಿಡಿ, ಕೆಲಸದ ಹೊತ್ತು ಒಳಗಿನಿಂದ ಚಿಲಕ ಹಾಕದೆ ಅಡ್ಡಗೋಲು ಮಾತ್ರ ಇಡಿ, ನಿಮಗೆ ಏನಾದರೂ ಆದರೆ ಮನೆಯವರು ಒಳಗೆ ಬರೋಕೆ ದಾರಿ ಬೇಕು. ಮತ್ತೆ ಮಕ್ಕಳಿಗೆ ನೋಡುವ ಆಸೆ ಇದ್ದರೆ ಒಂದು ದಿನ ಅವರಿಗೂ ಹೆಲ್ಮೆಟ್ ಹಾಕಿ ಕೂರಿಸಿ ತೋರಿಸಿ. ಕದ್ದು ನೋಡೋದು ಆಮೇಲೆ ತಾನಾಗಿ ಕಡಿಮೆ ಆಗುತ್ತದೆ.

ರೈಲ್ವೆ ಫಿಟ್ಟರ್ ಕಾಕಾ

ಬ್ಯಾಡಗಿಯವರೇ, ಮುರಿಯುತ್ತಿದೆ ಅಂದ್ರೆ ಕಂಬಾರರು ನೀರಲ್ಲಿ ಅದ್ದಿ ಅಲ್ಲಿಗೇ ಬಿಡುತ್ತಿರಬೇಕು. ಲಾರಿ ಪಾಟಾ ಎಣ್ಣೆಯಲ್ಲಿ ಅದ್ದುವ ಜಾತಿಯ ಉಕ್ಕು. ನೀರಲ್ಲಿ ಅದ್ದಿದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಕಾಯಿಸುವಾಗ ಒಂದು ಅಯಸ್ಕಾಂತ ಪಕ್ಕದಲ್ಲಿಟ್ಟುಕೊಳ್ಳಿ. 770 ಡಿಗ್ರಿ ಆಸುಪಾಸಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟೋದು ನಿಲ್ಲಿಸುತ್ತದೆ. ಅದಕ್ಕಿಂತ ಒಂದು ಛಾಯೆ ಮೇಲೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ. ಎಣ್ಣೆಗೆ ಮುಚ್ಚಳ ಇರುವ ಲೋಹದ ಪಾತ್ರೆಯೇ ಆಗಬೇಕು, ಪ್ಲಾಸ್ಟಿಕ್ ಬಕೆಟ್ ಅಲ್ಲ, ಮೇಲೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಿದರೆ ಆರುತ್ತದೆ.

ಇಲ್ಲಿಗೆ ಮುಗಿಯಲಿಲ್ಲ, ಈಗ ಅದು ಗಟ್ಟಿ, ಆದರೆ ಪೆಡಸು. ಒಂದು ಮೈ ಹೊಳೆಯುವಂತೆ ತಿಕ್ಕಿ ನಿಧಾನಕ್ಕೆ ಮತ್ತೆ ಕಾಯಿಸಿ. ಬಣ್ಣ ಓಡುತ್ತದೆ. ಮೊದಲು ಒಣ ಹುಲ್ಲಿನ ಹಳದಿ, ಅದು 220-230 ಡಿಗ್ರಿ. ಆಮೇಲೆ ಕಂದು, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ಚಾಕುವಿಗೆ ಹಳದಿಯಲ್ಲಿ ನಿಲ್ಲಿಸುತ್ತಾರೆ. ಕಲ್ಲಿಗೆ ತಾಗುವ ಕುಡಕ್ಕೆ ನೀಲಿ ತನಕ ಹೋಗಲಿ, ಅಂಚು ಸ್ವಲ್ಪ ಬೇಗ ಸವೆಯಬಹುದು, ಮುರಿಯಲ್ಲ.

ಬೆಟಗೇರಿ ಫ್ಯಾಬ್ರಿಕೇಷನ್

ಹಿತ್ತಲ ಶೆಡ್ ಅಣ್ಣಾ, ಗೇಟು ಮುಗಿಯುತ್ತಾ ಬಂತು ಅಂದ್ರೆ ಕಬ್ಜಾ (ಗೇಟು ತಿರುಗುವ ಕೀಲು) ಹಚ್ಚೋದು ಬರುತ್ತದೆ, ಅದನ್ನು ಶೆಡ್‌ನಲ್ಲಿ ಮಾಡಬೇಡಿ. ಹೊಲದಲ್ಲಿ ಕಂಬ ನಿಂತ ಮೇಲೆ ಗೇಟನ್ನು ಜಾಗದಲ್ಲೇ ನಿಲ್ಲಿಸಿ, ಕೆಳಗೆ ಎರಡು ಮರದ ತುಂಡು ಕೊಟ್ಟು, ಎರಡೂ ಕಬ್ಜಾಕ್ಕೆ ಟ್ಯಾಕ್ ಹಾಕಿ. ಒಮ್ಮೆ ಪೂರ್ತಿ ತೆರೆದು ಮುಚ್ಚಿ ನೋಡಿ, ಎರಡು ಕಬ್ಜಾ ಒಂದೇ ಲಂಬ ಗೆರೆಯಲ್ಲಿದ್ದರೆ ಗೇಟು ಬಿಟ್ಟ ಕಡೆ ನಿಲ್ಲುತ್ತದೆ, ಇಲ್ಲದಿದ್ದರೆ ತಾನೇ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಸರಿ ಇದ್ದರೆ ಮಾತ್ರ ಪೂರ್ತಿ ಬೆಸುಗೆ. ಅರ್ಥ್ ಕ್ಲಾಂಪ್ ಬೆಸುಗೆ ಬೀಳುವ ಭಾಗಕ್ಕೇ ಹಾಕಿ. ಕ್ಲಾಂಪ್ ಕಂಬಕ್ಕೆ ಹಾಕಿ ಗೇಟಿನ ಕಡೆ ವೆಲ್ಡ್ ಮಾಡಿದರೆ ಕರೆಂಟು ಕಬ್ಜಾದ ಪಿನ್ ಮೂಲಕವೇ ಹರಿಯಬೇಕು, ಪಿನ್ ಒಳಗೆ ಸುಟ್ಟು ಗುಳಿ ಬಿದ್ದು ಮೊದಲ ದಿನದಿಂದಲೇ ಕಿರಗುಟ್ಟುತ್ತದೆ.

ಹೊಲದಲ್ಲಿ ಮೋಟಾರ್ ಮನೆಯಿಂದ ವೈರ್ ಎಳೆಯುತ್ತೀರಿ ಅಂದ್ರೆ 2.5 ಚದರ ಎಂಎಂ ತಾಮ್ರದ ವೈರ್‌ಗಿಂತ ತೆಳುವಾದದ್ದು ಬೇಡ, ದೂರ ಜಾಸ್ತಿ ಇದ್ದರೆ 4 ತಗೊಳ್ಳಿ. ಸುರುಳಿ ಪೂರ್ತಿ ಬಿಚ್ಚಿ ನೆಲದ ಮೇಲೆ ಹಾಸಿ. ಸುತ್ತಿದ ಸುರುಳಿಯಲ್ಲೇ ಕೆಲಸ ಮಾಡಿದರೆ ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಒಳಗಿನ ಸುತ್ತು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನೆಲ ಹಸಿ ಇದ್ದ ದಿನ ಹೋಗಬೇಡಿ, ಎರಿ ಮಣ್ಣು ಒಣಗಲಿ, ರಬ್ಬರ್ ತಳದ ಬೂಟು ಹಾಕಿಕೊಳ್ಳಿ. ಕಬ್ಜಾಕ್ಕೆ ಮಾತ್ರ 3.15 ರಾಡ್ ತಗೊಂಡು ಹೋಗಿ, ಮನೆಯಲ್ಲಿ ಉಳಿದಿದೆ ಅಲ್ವಾ. ಕಬ್ಜಾ ದಪ್ಪ ಇರುತ್ತದೆ, ರಾಡಿನ ತುದಿ ಕಬ್ಜಾ ಕಡೆ ಹಿಡಿದು, ಕರಗಿದ್ದನ್ನು ಪೈಪಿನ ಕಡೆ ಸ್ವಲ್ಪ ಸ್ವಲ್ಪ ತನ್ನಿ. ಗೇಟು ನಿಂತ ಮೇಲೆ ಬೆಸುಗೆ ಮೇಲಿನ ಸ್ಲ್ಯಾಗ್ ಪೂರ್ತಿ ಕುಟ್ಟಿ, ಅದೇ ದಿನ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಬಣ್ಣ) ಬಳಿಯಿರಿ.